ಮರೆವು, ಮಾತ್ರೆ ಮತ್ತು ಕೈತುತ್ತು

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ಹಿರಿಯರ ಮಾತು. ಹಿತಮಿತವಾಗಿ ಉಣ್ಣಬಲ್ಲವನ ಮನೆಗೆ ವೈದ್ಯನು ಬರಬೇಕಾದ ಕಾರಣವಿಲ್ಲವೆಂದು ಅದರ ಭಾವ. ಆದರೆ ಊಟವನ್ನು ಬಲ್ಲ ಬುದ್ಧಿಯನ್ನೇ ಕಸಿದುಕೊಳ್ಳುವ ರೋಗವೊಂದುಂಟು. ಅದು ಹೊಕ್ಕ ಮನೆಯಲ್ಲಿ ಈ ಗಾದೆಯೇ ತಲೆಕೆಳಗಾಗುತ್ತದೆ. ಈಗ ತಾನೇ ಉಂಡು ಕೈತೊಳೆದ ಹಿರಿಯರು, ತಮಗೆ ಯಾರೂ ಊಟಕ್ಕೆ ಬಡಿಸಲಿಲ್ಲವೆಂದು ಮನೆಗೆ ಬಂದವರೊಡನೆ ದೂರುತ್ತಾರೆ. ಮರುದಿನ ಅವರೇ ತಟ್ಟೆಯ ಮುಂದೆ ಕುಳಿತು, ಇದನ್ನೇನು ಮಾಡಬೇಕೆಂದು ತಿಳಿಯದವರಂತೆ ಅನ್ನವನ್ನು ಸುಮ್ಮನೆ ನೋಡುತ್ತಿರುತ್ತಾರೆ.

ಈ ರೋಗದ ಮೊದಲ ದಾಖಲೆಯಲ್ಲಿಯೇ ಊಟದ ಪ್ರಸಂಗವೊಂದಿದೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಔಗುಸ್ಟೆ ಡೇಟರ್ ಎಂಬ ಐವತ್ತೊಂದು ವರ್ಷದ ಗೃಹಿಣಿಯನ್ನು ಕರೆತಂದಿದ್ದರು. ಮಧ್ಯಾಹ್ನ ಆಕೆ ಹೂಕೋಸು, ಹಂದಿಮಾಂಸಗಳನ್ನು ಉಣ್ಣುತ್ತಿದ್ದಾಗ, ತಿನ್ನುತ್ತಿರುವುದೇನೆಂದು ವೈದ್ಯರು ಕೇಳಿದರು. ಆಕೆ ಕೊಟ್ಟ ಉತ್ತರ: ಪಾಲಕ್ ಸೊಪ್ಪು. ಹಾಗೆ ಕೇಳಿ ಬರೆದಿಟ್ಟುಕೊಂಡವರು ಡಾಕ್ಟರ್ ಅಲೋಯಿಸ್ ಆಲ್‌ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಮಿದುಳನ್ನು ಪರೀಕ್ಷಿಸಿ, ಅಲ್ಲಿ ಕಂಡ ವಿಚಿತ್ರ ಕಲೆಗಳನ್ನೂ ನರಕೋಶಗಳೊಳಗಿನ ಸಿಕ್ಕುಗಳನ್ನೂ ಲೋಕಕ್ಕೆ ತಿಳಿಸಿದವರೂ ಅವರೇ. 1910ರಲ್ಲಿ ರೋಗಕ್ಕೆ ಅವರ ಹೆಸರೇ ಬಂದಿತು.

ಅದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಈಚಿನ ವರ್ಷಗಳಲ್ಲಿ ಬಂದ ಕೆಲವು ದುಬಾರಿ ಔಷಧಗಳು, ಆರಂಭದ ಹಂತದಲ್ಲಿರುವವರಲ್ಲಿ ರೋಗದ ನಡಿಗೆಯನ್ನು ತುಸು ನಿಧಾನಗೊಳಿಸುತ್ತವೆ, ಅಷ್ಟೆ. ವೈದ್ಯರು ಕೈಚೆಲ್ಲಿದೆಡೆಯಲ್ಲಿ ಆಸೆಯು ಬೇರೆ ದಾರಿ ಹುಡುಕುವುದು ಸಹಜ. ಪರದೇಶದಲ್ಲಿರುವ ಮಗ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಮೀನೆಣ್ಣೆಯ ಗುಳಿಗೆ, ಗಿಂಕ್ಗೊ ಎಲೆಯ ಸಾರ, ಬಗೆಬಗೆಯ ವಿಟಮಿನ್ನುಗಳನ್ನು ತುಂಬಿ ತರುತ್ತಾನೆ. ಅವನ ಪ್ರೀತಿ ಸುಳ್ಳಲ್ಲ. ಜೊತೆಯಲ್ಲಿರಲಾಗದ ಸಂಕಟವನ್ನೂ ಅವನು ಆ ಶೀಶೆಗಳಲ್ಲಿಯೇ ತುಂಬಿರುತ್ತಾನೆ. ಆದರೆ ಶೀಶೆಯ ಮೇಲಿನ ಚೀಟಿ ಹೇಳುವುದೆಲ್ಲವೂ ಸತ್ಯವೇ?

ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ಎಪ್ಪತ್ತೈದು ದಾಟಿದ 3,069 ಜನರಲ್ಲಿ ಕೆಲವರಿಗೆ ಗಿಂಕ್ಗೊ, ಉಳಿದವರಿಗೆ ಬರಿಯ ಹುಸಿಮಾತ್ರೆ ಕೊಟ್ಟು, ಸುಮಾರು ಆರು ವರ್ಷ ಕಾದರು. 2008ರಲ್ಲಿ ಫಲಿತಾಂಶ ಹೊರಬಿದ್ದಾಗ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೀನೆಣ್ಣೆಯಲ್ಲಿರುವ ಡಿ.ಎಚ್.ಎ. ಎಂಬ ಅಂಶವನ್ನು ರೋಗಿಗಳಿಗೆ ಒಂದೂವರೆ ವರ್ಷ ಕೊಟ್ಟ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಅದೂ ರೋಗವನ್ನು ತಡೆಯಲಿಲ್ಲ. ಇ ವಿಟಮಿನ್ನಿನ ಕಥೆ ತುಸು ಬೇರೆ. 613 ಮಾಜಿ ಸೈನಿಕರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದನ್ನು ಬಹು ದೊಡ್ಡ ಪ್ರಮಾಣದಲ್ಲಿ ಸೇವಿಸಿದವರು ಸ್ನಾನ, ಉಡುಗೆ, ಊಟಗಳಂಥ ನಿತ್ಯಕರ್ಮಗಳನ್ನು ಕೆಲವು ತಿಂಗಳು ಹೆಚ್ಚು ಕಾಲ ತಾವೇ ಮಾಡಿಕೊಂಡರು. ಹೋದ ನೆನಪು ಮಾತ್ರ ಮರಳಲಿಲ್ಲ. ಅಷ್ಟು ಪ್ರಮಾಣದಿಂದ ರಕ್ತಸ್ರಾವದ ಭಯವೂ ಉಂಟಾದುದರಿಂದ ವೈದ್ಯರನ್ನು ಕೇಳದೆ ಅದನ್ನು ಮುಟ್ಟತಕ್ಕದ್ದಲ್ಲ.

ನಮ್ಮ ಮನೆಗಳ ಒಂದೆಲಗದ ತಂಬುಳಿಯ ಮಾತೇನು? ಬುದ್ಧಿ ಚುರುಕಾಗಲೆಂದು ಮಕ್ಕಳಿಗೆ ಅದನ್ನು ಉಣಿಸಿದ ಅಜ್ಜಿಯರು ಕಡಿಮೆಯಿಲ್ಲ. ಬೇಸಗೆಯ ಊಟಕ್ಕೆ ಅದಕ್ಕಿಂತ ತಂಪಾದುದು ಬೇರಿಲ್ಲ. ಆದರೆ ಅದಾಗಲಿ, ಅರಿಸಿನವಾಗಲಿ, ತೆಂಗಿನೆಣ್ಣೆಯಾಗಲಿ ಈ ರೋಗವನ್ನು ಹಿಮ್ಮೆಟ್ಟಿಸಿದುದಕ್ಕೆ ದೊಡ್ಡ ಪ್ರಯೋಗದ ಸಾಕ್ಷ್ಯವಿಲ್ಲ. ರುಚಿಗಾಗಿ ಉಣ್ಣುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮದ್ದೆಂದು ನಂಬಿ ಇತರ ಚಿಕಿತ್ಸೆಯನ್ನು ಕೈಬಿಡಬಾರದು.

ಒಂದು ಸಂಗತಿಯನ್ನು ಮಾತ್ರ ಪ್ರತಿಯೊಂದು ಸಸ್ಯಾಹಾರಿ ಕುಟುಂಬವೂ ನೆನಪಿಡಬೇಕು. ಬಿ 12 ವಿಟಮಿನ್ ಕಾಳುಕಡ್ಡಿ, ತರಕಾರಿಗಳಲ್ಲಿಲ್ಲ, ಹಾಲುಮೊಸರುಗಳಲ್ಲಿ ಒಂದಿಷ್ಟುಂಟು. ವಯಸ್ಸಾದಂತೆ ಹೊಟ್ಟೆಯು ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಅದರ ಕೊರತೆಯಿಂದಲೂ ಮರೆವು, ಗೊಂದಲಗಳು ಬರುತ್ತವೆ. ಥೈರಾಯ್ಡ್ ಗ್ರಂಥಿಯ ಮಂದತನದಿಂದಲೂ ಹಾಗೆಯೇ. ರಕ್ತಪರೀಕ್ಷೆಯಿಂದ ಇವು ಗೊತ್ತಾಗುತ್ತವೆ. ಬೇಗ ಕಂಡುಹಿಡಿದರೆ ಸೂಜಿಮದ್ದು, ಮಾತ್ರೆಗಳಿಂದ ಗುಣವಾಗುವ ಸಂಭವವೂ ಉಂಟು. 'ಅರುವತ್ತರ ಅರಳುಮರಳು' ಎಂದು ನಕ್ಕು ಸುಮ್ಮನಿದ್ದುಬಿಟ್ಟರೆ, ಉಳಿಸಬಹುದಾಗಿದ್ದ ನೆನಪನ್ನು ಕೈಯಾರೆ ಕಳೆದುಕೊಂಡಂತೆ.

ರೋಗ ಬಾರದಂತೆ ತಡೆಯುವ ಊಟವಿದೆಯೇ ಎಂದೂ ಜನ ಕೇಳುತ್ತಾರೆ. ಸೊಪ್ಪು, ಕಾಳು, ಹಣ್ಣು, ಬೀಜಗಳೇ ಪ್ರಧಾನವಾದ ಆಹಾರಕ್ರಮವೊಂದನ್ನು ಷಿಕಾಗೋದ ವಿದ್ವಾಂಸರು 2015ರಲ್ಲಿ ಬಹುವಾಗಿ ಹೊಗಳಿದರು. 2023ರಲ್ಲಿ ಪ್ರಕಟವಾದ ಮೂರು ವರ್ಷಗಳ ಪ್ರಯೋಗದಲ್ಲಿ ಅದೊಂದೇ ವಿಶೇಷ ಫಲ ತೋರಲಿಲ್ಲ. ಫಿನ್ಲೆಂಡಿನಲ್ಲಿ 1,260 ಜನರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಒಳ್ಳೆಯ ಆಹಾರದ ಜೊತೆಗೆ ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡದ ಮೇಲ್ವಿಚಾರಣೆ ಎಲ್ಲವನ್ನೂ ಕೂಡಿಸಿದಾಗ, ಎರಡು ವರ್ಷಗಳಲ್ಲಿ ಅವರ ಬುದ್ಧಿಶಕ್ತಿ ಮೇಲಾಗಿ ಉಳಿದುದು 2015ರಲ್ಲಿ ಕಂಡುಬಂದಿತು. ಒಂಟಿ ಪದಾರ್ಥ ಮಾಡದುದನ್ನು ಒಟ್ಟು ಬಾಳುವೆ ಮಾಡೀತೆಂದು ಇದರ ಅರ್ಥ.

ಆದರೆ ರೋಗ ಆಗಲೇ ಬಂದಿದ್ದರೆ? ಆಗ ಊಟದ ಪ್ರಶ್ನೆ ಬೇರೆಯಾಗುತ್ತದೆ. ಹಸಿವು ತಿಳಿಯದೆ, ಅಗಿಯುವುದು ಮರೆತು, ರೋಗಿಯ ತೂಕ ಇಳಿಯತೊಡಗುತ್ತದೆ. ಶೀಶೆಯ ಚಿಂತೆಗಿಂತ ತಟ್ಟೆಯ ಚಿಂತೆಯೇ ಆಗ ದೊಡ್ಡದು. ಅಮೆರಿಕದಲ್ಲಿ ಕೆಲವೇ ರೋಗಿಗಳಿಗೆ ಬಿಳಿಯ ತಟ್ಟೆಯ ಬದಲು ಕಡುಗೆಂಪು ತಟ್ಟೆಯಲ್ಲಿ ಬಡಿಸಿ ನೋಡಿದಾಗ, ಅವರು ಕಾಲುಭಾಗದಷ್ಟು ಹೆಚ್ಚು ಉಂಡರೆಂದು 2004ರಲ್ಲಿ ವರದಿಯಾಯಿತು. ತಟ್ಟೆಯ ಬಣ್ಣದಲ್ಲಿ ಅನ್ನ ಕರಗಿಹೋದರೆ ಮಂಜಾದ ಮನಸ್ಸಿಗೆ ಅದು ಕಾಣುವುದೇ ಇಲ್ಲ. ಹಸಿರು ಬಾಳೆಯೆಲೆಯ ಮೇಲೆ ಬೆಳ್ಳನೆಯ ಅನ್ನ ಎದ್ದು ಕಾಣುತ್ತದೆಂಬುದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಒಮ್ಮೆಗೆ ಒಂದೇ ಪದಾರ್ಥ, ಕೈಯಲ್ಲಿ ಹಿಡಿದು ತಿನ್ನುವಂಥ ಇಡ್ಲಿಯ ತುಂಡು, ಗದ್ದಲವಿಲ್ಲದ ಕೋಣೆ, ಅವಸರವಿಲ್ಲದ ಜೊತೆ: ಇಷ್ಟರಿಂದ ಎಷ್ಟೋ ಸಹಾಯವಾಗುತ್ತದೆ. ನುಂಗುವಾಗ ಕೆಮ್ಮು ಬಂದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ರೋಗವು ಕೊನೆಯ ಹಂತಕ್ಕೆ ಬಂದಾಗ ಮೂಗಿನಲ್ಲಿಯೋ ಹೊಟ್ಟೆಯಲ್ಲಿಯೋ ನಳಿಗೆಯಿಟ್ಟು ಆಹಾರ ಇಳಿಸುವುದಕ್ಕಿಂತ, ತಾಳ್ಮೆಯಿಂದ ಕೈಯಾರೆ ಉಣಿಸುವುದೇ ಮೇಲೆಂದು ಅಮೆರಿಕದ ವೃದ್ಧಚಿಕಿತ್ಸಾ ತಜ್ಞರ ಸಂಘ 2014ರಲ್ಲಿ ಸಾರಿತು. ಇಷ್ಟೆಲ್ಲ ಶೋಧನೆಯ ಕೊನೆಯಲ್ಲಿ ವಿಜ್ಞಾನವು ಬಂದು ನಿಂತುದು ಕೈತುತ್ತಿನ ಬಳಿಗೆ! ಅದರಿಂದ ನೆನಪು ಮರಳದು. ಉಣಿಸುವವಳು ಮಗಳೋ ಸೊಸೆಯೋ ಎಂಬುದೂ ಆ ಹಿರಿಯ ಜೀವಕ್ಕೆ ತಿಳಿಯಲಿಕ್ಕಿಲ್ಲ. ಆದರೂ ತುತ್ತು ಬಂದಾಗ ಬಾಯಿ ತೆರೆಯುತ್ತದೆ. ಹೆಸರುಗಳೆಲ್ಲ ಅಳಿಸಿಹೋದ ಮೇಲೂ ಉಳಿಯುವ ನಂಬಿಕೆ ಅದು. ಅದನ್ನು ಹುಸಿಯಾಗಿಸದಿರುವುದು ಉಣಿಸುವ ಕೈಯ ಹೊಣೆ.