ಊಟದ ಪಂಕ್ತಿಯ ಫೋಟೋಗಳು

ಮದುವೆ ಆಲ್ಬಮ್ಮಿಗೆ ಫೋಟೋ ಆರಿಸಲು ಕೂತವರು ಮೊದಲು ಕಿತ್ತುಹಾಕುವುದು ಊಟದ ಪಂಕ್ತಿಯ ಫೋಟೋಗಳನ್ನು. ತಾಳಿ ಕಟ್ಟುವುದು, ಅಕ್ಕಿಕಾಳು ಬೀಳುವುದು, ಸೋದರಮಾವ ಮದುಮಗಳನ್ನು ಕರೆತರುವುದು, ಆಯಾರದ ಸಾಲು, ಇವೆಲ್ಲ ಬೇಕು. ಬಾಯಿ ತುಂಬ ಅನ್ನ ಇಟ್ಟುಕೊಂಡವರು, ಸಾರು ಸುರಿಯುವಾಗ ಎಲೆಯ ಅಂಚು ಹಿಡಿದುಕೊಂಡವರು, ಕ್ಯಾಮೆರಾ ಕಂಡೊಡನೆ ತಲೆ ತಗ್ಗಿಸಿದವರು ಯಾರಿಗೂ ಬೇಡ. “ಇವನ್ನೆಲ್ಲ ಯಾಕ ತಗದೀರಿ? ಸುಮ್ಮನ ದಂಡ” ಎಂದು ಮದುಮಗನ ಅಣ್ಣನೋ ಕಾಕಾನೋ ಕೇಳಿಯೇ ಕೇಳುತ್ತಾರೆ. ನಾನು ವಾದಿಸಲು ಹೋಗುವುದಿಲ್ಲ. ಆಲ್ಬಮ್ಮಿನಿಂದ ತೆಗೆಯುತ್ತೇನೆ, ನನ್ನ ಹಾರ್ಡ್‌ಡಿಸ್ಕಿನಿಂದ ತೆಗೆಯುವುದಿಲ್ಲ.

ನಮ್ಮೂರು ಹಲಗೇರಿ, ರಾಣೆಬೆನ್ನೂರು ತಾಲೂಕು. ಸ್ಟುಡಿಯೋ ಎಂದರೆ 10 ಅಡಿ ಅಗಲದ ಒಂದು ಮಳಿಗೆ. ಮುಂದೆ ಝೆರಾಕ್ಸ್ ಯಂತ್ರ, ಹಿಂದೆ ನೀಲಿ ಪರದೆ, ನಡುವೆ ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಕೂರುವವರಿಗಾಗಿ ಒಂದು ಸ್ಟೂಲು, ಒಂದು ಬಾಚಣಿಗೆ, ಒಂದು ಕನ್ನಡಿ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಈ ಮೂರರ ನಡುವಿನ ಊರುಗಳೇ ನನ್ನ ಸೀಮೆ. ಬ್ಯಾಡಗಿಯ ಮೆಣಸಿನಕಾಯಿ ಸುಗ್ಗಿ ಮತ್ತು ನಮ್ಮ ಮದುವೆ ಸುಗ್ಗಿ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಸಂಕ್ರಾಂತಿ ದಾಟಿದ ಮೇಲೆ ಮೇ ಮುಗಿಯುವವರೆಗೆ ನನಗೆ ನಿದ್ದೆಯಿಲ್ಲ, ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹೆಣ್ಣುಮಕ್ಕಳಿಗೂ ಇಲ್ಲ. ಸೋಮವಾರ, ಗುರುವಾರ ಅಲ್ಲಿ ಪೇಟೆ. ಆ ದಿನಗಳಲ್ಲಿ ಬೆಳಗಿನ ಬಸ್ಸಿನಲ್ಲಿ ನಾನು ಕ್ಯಾಮೆರಾ ಚೀಲ ತೊಡೆಯ ಮೇಲಿಟ್ಟುಕೊಂಡು ಹೊರಟರೆ ಅವರು ಬುತ್ತಿ ಇಟ್ಟುಕೊಂಡು ಹೊರಟಿರುತ್ತಾರೆ. ಯಾರಾದರೂ ಒಬ್ಬರು ಸೀನುತ್ತಾರೆ. ನಂತರ ಬಸ್ಸಿಗೆ ಬಸ್ಸೇ ಸೀನುತ್ತದೆ.

ಮದುವೆಯ ದಿನ ನಮ್ಮ ಕೆಲಸ ಬೆಳಗಿನ ಜಾವ 4ಕ್ಕೆ ಶುರು. ಸುರಗಿ ನೀರು ಹಾಕುವಾಗ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿರುತ್ತಾರೆ. ಆ ನೂಲಿಗೆ ಕಾಲು ತಾಗದ ಹಾಗೆ, ಕೆಸರಿನಲ್ಲಿ ಜಾರದ ಹಾಗೆ ನಿಂತು ಫೋಟೋ ತೆಗೆಯಬೇಕು. ಹಂಡೆಯ ಬಿಸಿನೀರಿನ ಹಬೆಗೆ ಲೆನ್ಸು ಮಬ್ಬಾಗುತ್ತದೆ. ಕಿಸೆಯಲ್ಲಿ ಮೂರು ಒಣಬಟ್ಟೆ ಇಟ್ಟುಕೊಂಡೇ ಹೋಗುತ್ತೇನೆ, ಏಕೆಂದರೆ ಮೊದಲಿನ ಎರಡಕ್ಕೆ ಅರಿಷಿಣ ಹತ್ತಿಯೇ ಹತ್ತುತ್ತದೆ. ಅಕ್ಕಿಕಾಳಿನ ಹೊತ್ತು ಬಂದಾಗ ಇಡೀ ಹಂದರ ಎದ್ದು ನಿಲ್ಲುತ್ತದೆ. ಹಿಂದೆ ನನ್ನ ಎದುರು ಬರುತ್ತಿದ್ದದ್ದು ಪಟಗ, ಟೊಪ್ಪಿಗೆ, ಸೆರಗುಗಳು. ಈಗ 40 ಮೊಬೈಲುಗಳು. ತಾಳಿಯ ಗಂಟು ಬೀಳುವುದಕ್ಕೆ ಸಿಗುವುದು ಮೂರ್ನಾಲ್ಕು ಸೆಕೆಂಡು, ಅದರೊಳಗೆ ಮೋಡದಂತೆ ಅಕ್ಕಿ. ಕ್ಯಾಮೆರಾದ ಫೋಕಸ್ಸು ಅಕ್ಕಿಯ ಮೇಲೆ ಹೋಗಿ ಕೂರದಂತೆ ಮೊದಲೇ ಮದುಮಗಳ ಕಣ್ಣಿಗೆ ಕಟ್ಟಿಹಾಕಿ ಕಾಯಬೇಕು.

ಇದೆಲ್ಲ ಮುಗಿದು ಆಯಾರದ ಸಾಲು ಕರಗುವಾಗ ಮಧ್ಯಾಹ್ನ 3 ದಾಟಿರುತ್ತದೆ. ನಾವು ಉಣ್ಣುವುದು ಕೊನೆಯ ಪಂಕ್ತಿಯಲ್ಲಿ. ಬ್ಯಾಂಡಿನವರು, ಅಡುಗೆಯವರು, ಹಂದರ ಹಾಕಿದವರು, ಜನರೇಟರ್ ಹುಡುಗ, ನಾನು. ಬುಂದೆ ಖಾಲಿಯಾಗಿರುತ್ತದೆ, ಸಾರು ತಳ ಹತ್ತಿರುತ್ತದೆ. ಆದರೂ ಮದುವೆಯ ನಿಜವಾದ ಸುದ್ದಿ ಸಿಗುವುದು ಆ ಪಂಕ್ತಿಯಲ್ಲಿಯೇ. ಯಾವ ಬೀಗರು ಸಿಟ್ಟಾದರು, ಯಾವ ಸಾಲ ಯಾರ ಹೆಸರಿನಲ್ಲಿ ಎತ್ತಿದ್ದು, ಮದುಮಗಳು ಯಾಕೆ ಅತ್ತಳು, ಎಲ್ಲ.

ನಾನು ಕೆಲಸ ಕಲಿತದ್ದು ರಾಣೆಬೆನ್ನೂರಿನ ಒಂದು ಸ್ಟುಡಿಯೋದಲ್ಲಿ, 1998ರಿಂದ. ಅಲ್ಲಿನ ಕಪಾಟಿನಲ್ಲಿ ಹಳೆಯ ಯಾಶಿಕಾ ಕ್ಯಾಮೆರಾ ಒಂದಿತ್ತು. ಒಂದು ರೋಲಿಗೆ 12 ಫೋಟೋ, ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವಂಥದ್ದು. ನಾನು ಸೇರುವ ಹೊತ್ತಿಗೆ ಮದುವೆಗಳಿಗೆ 36 ಫೋಟೋದ ರೋಲು ಬಂದಿತ್ತು. ಬಡವರ ಮದುವೆಗೆ ಮೂರು ರೋಲು, ಅನುಕೂಲಸ್ಥರದಾದರೆ ಐದಾರು. ಒಂದೊಂದು ಕ್ಲಿಕ್ಕಿಗೂ ಫಿಲ್ಮಿನ ಬೆಲೆ, ತೊಳೆಯುವ ಬೆಲೆ, ಪ್ರಿಂಟಿನ ಬೆಲೆ ಎಂದು ಲೆಕ್ಕ. ಅಂಥ ಲೆಕ್ಕದಲ್ಲೂ ನಮ್ಮ ಗುರುಗಳು ಒಂದು ಪೂರ್ತಿ ರೋಲನ್ನು ಊಟಕ್ಕೆಂದು ಬದಿಗೆ ತೆಗೆದಿಡುತ್ತಿದ್ದರು. ನನಗೆ ಆಶ್ಚರ್ಯ. ಒಮ್ಮೆ ಕೇಳಿಯೂಬಿಟ್ಟೆ. ಅವರು ರೀಲು ತಿರುವುತ್ತಲೇ ಹೇಳಿದ್ದರು: “ಆಯಾರ ಮಾಡವ್ರು ಸ್ಟೇಜಿನ ಮ್ಯಾಲೆ ಬರ್ತಾರ. ಆಯಾರ ಮಾಡಾಕ ಕೈಯಾಗ ಏನೂ ಇಲ್ಲದವ್ರು ಸ್ಟೇಜ್ ಹತ್ತಂಗಿಲ್ಲ. ಅವ್ರು ಸಿಗೋದು ಊಟದಾಗ.”

ಆ ಮಾತು ಆಗ ನನಗೆ ಅರ್ಧ ಮಾತ್ರ ತಿಳಿಯಿತು. ಉಳಿದರ್ಧ ತಿಳಿದದ್ದು ನನ್ನದೇ ಮಳಿಗೆ ಶುರುವಾದ ಮೇಲೆ.

ಫೋಟೋದವನ ಮಳಿಗೆಗೆ ಮದುವೆಯವರು ಎಷ್ಟು ಬರುತ್ತಾರೋ ಹೆಚ್ಚುಕಡಿಮೆ ಅಷ್ಟೇ ಜನ ಸಾವಿನ ಮನೆಯಿಂದ ಬರುತ್ತಾರೆ. ಹಳ್ಳಿಗಳಲ್ಲಿ ತೀರಿಕೊಂಡವರನ್ನು ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಕೂರಿಸಿದಾಗ ಫೋಟೋದವನಿಗೆ ಹೇಳಿಕಳಿಸುವ ರೂಢಿ ಇತ್ತು. ಆ ಮನುಷ್ಯನ ಮೊದಲ ಫೋಟೋವೂ ಅದೇ, ಕೊನೆಯದೂ ಅದೇ ಆದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಈಗ ಆಧಾರ್ ಕಾರ್ಡ್ ಬಂದಿದೆ. ಕಾರ್ಡು ಹಿಡಿದುಕೊಂಡು ಬರುತ್ತಾರೆ, “ಇದನ್ನ ದೊಡ್ಡದು ಮಾಡಿಕೊಡ್ರಿ, ವರ್ಷದ ಪೂಜೆಗೆ ಬೇಕು” ಎನ್ನುತ್ತಾರೆ. ಉಗುರಿನಷ್ಟು ಅಗಲದ, ಚುಕ್ಕಿಚುಕ್ಕಿಯಾಗಿ ಅಚ್ಚಾದ ಮುಖ. ಹಿಂದೆ ಬಿಳಿ ಗೋಡೆ, ಮುಂದೆ ಕೂತವರ ಕಣ್ಣಿನಲ್ಲಿ ಗಾಬರಿ. 2021ರ ಮೇ ತಿಂಗಳಿನಲ್ಲಿ ನನ್ನ ಫೋನಿಗೆ ಮದುವೆಯ ಕರೆಗಳಿಗಿಂತ ಇಂಥ ಕರೆಗಳೇ ಹೆಚ್ಚು ಬಂದವು.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದ. ಟ್ರ್ಯಾಕ್ಟರ್ ಓಡಿಸುವವನು. ತಾಯಿ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದವಳು, ತೀರಿಕೊಂಡು ತಿಂಗಳಾಗಿತ್ತು. ಅವನ ಬಳಿಯೂ ಆಧಾರ್ ಬಿಟ್ಟರೆ ಏನಿಲ್ಲ. “ಇದ್ರಾಗ ನಮ್ಮವ್ವ ಕಳ್ಳನ ಗತೆ ಕಾಣ್ತಾಳ್ರಿ” ಎಂದ. ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಅವನಿಗೂ ಕೇಳಿದೆ: ನಿಮ್ಮವ್ವ ಯಾವ ಯಾವ ಮದುವೆಗೆ ಹೋಗಿದ್ದರು? ಅವನು ಬಹಳ ಹೊತ್ತು ಯೋಚಿಸಿ ಓಣಿಯ ಒಂದು ಮದುವೆ ಹೇಳಿದ. ತಾನು ಮೂರನೆಯ ಈಯತ್ತೆಯಲ್ಲಿದ್ದೆ, ಅವ್ವ ಹಸಿರು ಸೀರೆ ಉಟ್ಟಿದ್ದಳು ಎಂದ.

2008ರ ಮದುವೆ ಅದು, ನಾನೇ ತೆಗೆದದ್ದು. ಸಿ.ಡಿ.ಗಳಿಂದ ಡಿಸ್ಕಿಗೆ ಸಾಗಿಸಿಟ್ಟ ಕಡತಗಳಲ್ಲಿ ಸಿಕ್ಕಿತು. ಸ್ಟೇಜಿನ ಯಾವ ಫೋಟೋದಲ್ಲೂ ಅವಳಿಲ್ಲ. ಗುಂಪಿನ ಫೋಟೋಗಳಲ್ಲೂ ಇಲ್ಲ. ಮೂರನೆಯ ಪಂಕ್ತಿಯಲ್ಲಿ, ಗೋಡೆಯ ಬದಿಯಿಂದ ಆರನೆಯವಳಾಗಿ ಕೂತಿದ್ದಳು. ಬುಂದೆ ಬಡಿಸುವವನಿಗೆ ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದು, ತಲೆಯೆತ್ತಿ ನಗುತ್ತಿದ್ದಳು. ಪಕ್ಕದಲ್ಲಿ ಅಂಗಿಯ ಗುಂಡಿ ತಪ್ಪಿಸಿ ಹಾಕಿಕೊಂಡ ಒಬ್ಬ ಹುಡುಗ. ಅವನು ಮೊದಲು ಗುರುತು ಹಿಡಿದದ್ದು ಅವ್ವನನ್ನಲ್ಲ, ತನ್ನ ಅಂಗಿಯನ್ನು.

ಸಿಕ್ಕಿತೇನೋ ಹೌದು, ಆದರೆ ದೊಡ್ಡದು ಮಾಡುವುದು ಹೇಗೆ? ಆಗಿನ ನನ್ನ ಕ್ಯಾಮೆರಾ 6 ಮೆಗಾಪಿಕ್ಸೆಲ್‌ನದು. ಇಡೀ ಚಿತ್ರದ ಅಗಲ 3008 ಚುಕ್ಕಿ. ಅದರಲ್ಲಿ 15 ಜನರ ಸಾಲು. ಅವಳ ತಲೆ, ಭುಜ ಸೇರಿಸಿ ಕತ್ತರಿಸಿದರೆ ಸಿಗುವುದು 250 ಚುಕ್ಕಿ. ಅದನ್ನು 10 ಇಂಚು ಅಗಲಕ್ಕೆ ಹಿಗ್ಗಿಸಿದರೆ ಇಂಚಿಗೆ 25 ಚುಕ್ಕಿ. ಒಳ್ಳೆಯ ಪ್ರಿಂಟಿಗೆ ಕನಿಷ್ಠ 200 ಬೇಕು. ನನ್ನ ಜೊತೆಗೆ ಕೆಲಸ ಮಾಡುವ ಹುಡುಗ ಈಗಿನ ಕಾಲದವನು. “ಎಐಗೆ ಹಾಕೋಣ್ರಿ” ಎಂದು ಅರ್ಧ ನಿಮಿಷದಲ್ಲಿ ಹಾಕಿಯೂಬಿಟ್ಟ. ತೆರೆಯ ಮೇಲೆ ಒಂದು ಮುಖ ಮೂಡಿತು. ಕೂದಲು ಎಳೆಎಳೆಯಾಗಿ, ರೆಪ್ಪೆ ಒಂದೊಂದಾಗಿ, ಹಲ್ಲು ಮುತ್ತಿನ ಹಾಗೆ. ಅವಳ ಮಗ ಕುರ್ಚಿಯಿಂದ ಎದ್ದು ಹತ್ತಿರ ಬಂದು ನೋಡಿದ. “ಚಂದ ಐತ್ರಿ” ಎಂದ. ಸ್ವಲ್ಪ ತಡೆದು, “ಆದ್ರ ಇಕಿ ಯಾರ್ರೀ?” ಎಂದ.

ಹಳೆಯ ಫೋಟೋ ಪಕ್ಕಕ್ಕಿಟ್ಟು ನೋಡಿದಾಗ ತಿಳಿಯಿತು. ಅವಳ ಗದ್ದದ ಮೇಲೆ ಹಚ್ಚೆಯ ಮೂರು ಚುಕ್ಕಿಗಳಿದ್ದವು. ಯಂತ್ರ ಅವನ್ನು ಫೋಟೋದ ಕೊಳೆ ಎಂದು ತಿಳಿದು ಒರೆಸಿಹಾಕಿತ್ತು. ಅದು ಅವಳ ಮುಖವನ್ನು ದೊಡ್ಡದು ಮಾಡಿರಲಿಲ್ಲ. ಲಕ್ಷಾಂತರ ಬೇರೆ ಮುಖಗಳಿಂದ ಕಲಿತು ಒಂದು ಮುಖವನ್ನು ಊಹಿಸಿತ್ತು. ಕಾಣದ ಕಡೆ ಎಲ್ಲ ತನಗೆ ತಿಳಿದದ್ದನ್ನು ತುಂಬಿತ್ತು. ಬ್ಯಾಡಗಿಯ ಮೆಣಸಿನಕಾಯಿ ರಾಶಿಯ ಮುಂದೆ ದಿನವಿಡೀ ಕೂರುವ, ಗದ್ದಕ್ಕೆ ಹಚ್ಚೆ ಹಾಕಿಸಿಕೊಂಡ ಹೆಣ್ಣುಮಗಳು ಅದು ಕಲಿತ ಮುಖಗಳಲ್ಲಿ ಎಷ್ಟು ಇದ್ದಾಳು?

ಕೊನೆಗೆ ಮಸುಕಾದದ್ದನ್ನೇ ಇಟ್ಟುಕೊಂಡೆವು. ಬಣ್ಣ ಸ್ವಲ್ಪ ಸರಿಮಾಡಿ, ಹಚ್ಚೆಯನ್ನು ಹಾಗೆಯೇ ಬಿಟ್ಟು, 5×7 ಇಂಚಿಗೆ ನಿಲ್ಲಿಸಿ, ಸುತ್ತ ಅಗಲವಾದ ಬಿಳಿ ಅಂಚು ಕೊಟ್ಟು ಚೌಕಟ್ಟು ಹಾಕಿದೆ. ಹತ್ತಿರದಿಂದ ನೋಡಿದರೆ ಚುಕ್ಕಿಗಳು. ಆರು ಹೆಜ್ಜೆ ಹಿಂದೆ ಸರಿದರೆ ಕಣ್ಣು ತಾನೇ ಜೋಡಿಸಿಕೊಳ್ಳುತ್ತದೆ. ಅವನು ಬಾಗಿಲ ತನಕ ಹಿಂದೆ ಸರಿದು ನಿಂತು ನೋಡಿದ. “ಹೂನ್ರಿ, ಇಕೀನ” ಎಂದ. ಪೂರ್ತಿ ಸಾಲಿನ ಫೋಟೋವನ್ನೂ ಒಂದು ಪ್ರಿಂಟ್ ಹಾಕಿಸಿಕೊಂಡ. ಆ ಸಾಲಿನಲ್ಲಿ ಇನ್ನೂ ನಾಲ್ವರು ಈಗಿಲ್ಲವಂತೆ. ಮುಂದಿನ ವಾರದೊಳಗೆ ಅವರ ಮನೆಯವರೂ ಬಂದರು.

ಉಣ್ಣುವವರ ಫೋಟೋ ತೆಗೆಯುವುದು ಸಭ್ಯತೆಯೇ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ತುತ್ತು ಬಾಯಿಗಿಟ್ಟ ಮನುಷ್ಯನಿಗೆ ತನ್ನನ್ನು ಯಾರೂ ನೋಡಬಾರದು ಎನ್ನುವ ಹಕ್ಕಿದೆ. ಅದಕ್ಕೇ ನಾನು ಎಲೆ ಹಾಸಿ, ನೀರು ಚಿಮುಕಿಸಿ, ಉಪ್ಪು, ಉಪ್ಪಿನಕಾಯಿ ಬಡಿಸುವ ಹೊತ್ತಿನಲ್ಲಿ ನಡೆಯುತ್ತೇನೆ. ಆಗ ಕೈ ಖಾಲಿ, ಕಣ್ಣು ಬಡಿಸುವವರ ದಾರಿ ಕಾಯುತ್ತಿರುತ್ತವೆ, ಮುಖಗಳು ತಾವಾಗಿಯೇ ಮೇಲೆ ಇರುತ್ತವೆ. ಈ ಫೋಟೋಗಳನ್ನು ಇನ್‌ಸ್ಟಾಗ್ರಾಮಿಗೆ ಹಾಕುವುದಿಲ್ಲ. ಕೇಳಿಕೊಂಡು ಬಂದವರಿಗೆ ಅವರವರ ಮುಖವನ್ನಷ್ಟೇ ಕೊಡುತ್ತೇನೆ, ದುಡ್ಡು ಪ್ರಿಂಟಿಗೆ ಮಾತ್ರ.

ಸ್ಟೇಜು ಹತ್ತದವರು ಬಡವರು ಮಾತ್ರ ಅಲ್ಲ. ಎಷ್ಟೋ ಮದುವೆಗಳಲ್ಲಿ ಮದುಮಗಳ ಹೆತ್ತ ತಾಯಿಯೇ ವಿಧವೆ ಎಂಬ ಕಾರಣಕ್ಕೆ ಅಕ್ಕಿಕಾಳಿನ ಹೊತ್ತಿಗೆ ಕಂಬದ ಹಿಂದೆ ಸರಿದಿರುತ್ತಾಳೆ. ಸರಿ ಎಂದು ಹೇಳುವವರೂ ಇಲ್ಲ, ಸರಿಯಬೇಡ ಎನ್ನುವವರೂ ಇಲ್ಲ. ಬಾಡಿಗೆಗೆ ಬಂದ ಫೋಟೋದವನು ಅಲ್ಲಿ ಭಾಷಣ ಮಾಡುವಂತಿಲ್ಲ. ನನ್ನ ಕೈಲಾಗುವುದು ಇಷ್ಟೇ: ಉದ್ದನೆಯ ಲೆನ್ಸು ಹಾಕಿದ ಎರಡನೆಯ ಕ್ಯಾಮೆರಾವನ್ನು ಆ ಕಂಬದ ಕಡೆಗೆ ತಿರುಗಿಸಿಡುವುದು. ಆಲ್ಬಮ್ ನೋಡುವಾಗ ಮಗಳು ಆ ಹಾಳೆಗೆ ಬಂದು ನಿಲ್ಲುತ್ತಾಳೆ. ಆ ಫೋಟೋವನ್ನು ಕಿತ್ತುಹಾಕಿ ಎಂದು ಇದುವರೆಗೆ ಯಾವ ಮಗಳೂ ಹೇಳಿಲ್ಲ.

ಈಗ ಮದುವೆಗೆ ಮೊದಲೇ ಜೋಡಿಯ ಫೋಟೋ ಬೇಕು. ತುಂಗಭದ್ರೆಯ ದಂಡೆಯ ಚೌಡದಾನಪುರಕ್ಕೆ ಕರೆದೊಯ್ಯುತ್ತೇನೆ. ಮುಕ್ತೇಶ್ವರ ಗುಡಿಯ ಕಲ್ಲಿನ ಮೇಲೆ ಸಂಜೆಯ ಬಿಸಿಲು ಬೀಳುವ ಅರ್ಧ ಗಂಟೆ ಬಹಳ ಚೆಂದ. ಆ ಕೆಲಸವನ್ನು ನಾನು ಸಂತೋಷದಿಂದಲೇ ಮಾಡುತ್ತೇನೆ, ಮನೆ ನಡೆಯುವುದೂ ಅದರಿಂದಲೇ. ನಮ್ಮ ಕಡೆಯ ಗುಡಿಗಳ ಮುಂದೆ ಕ್ಯಾಮೆರಾ ನಿಂತದ್ದು ಹೊಸದೇನೂ ಅಲ್ಲ. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಫೋಟೋಗಳ ದೊಡ್ಡ ಪುಸ್ತಕವೊಂದು 1866ರಲ್ಲೇ ಲಂಡನ್ನಿನಲ್ಲಿ ಬಂದಿತ್ತು. ಪಿಗೋ, ನೀಲ್, ಬಿಗ್ಸ್ ಎಂದು ಫೋಟೋ ತೆಗೆದ ಸಾಹೇಬರ ಹೆಸರುಗಳು ಅದರಲ್ಲಿವೆ. ಅಂಥ ಹಳೆಯ ಫೋಟೋಗಳಲ್ಲಿ ಗುಡಿಯ ಎತ್ತರ ತಿಳಿಯಲೆಂದು ಕಂಬದ ಪಕ್ಕ ನಿಲ್ಲಿಸಿದ ನಮ್ಮವರಿಗೆ ಸಾಮಾನ್ಯವಾಗಿ ಹೆಸರಿರುವುದಿಲ್ಲ.

ಇಷ್ಟನ್ನು ಕಾದಿಡುವ ಖರ್ಚು ದೊಡ್ಡದಲ್ಲ. ಇಂದಿನ ಒಂದು ಮದುವೆಯ ವಿಡಿಯೋ, ಡ್ರೋನ್ ಎಲ್ಲ ಸೇರಿ 300 ಜಿಬಿ ದಾಟುತ್ತದೆ. ಅದನ್ನು ಒಂದು ವರ್ಷ ಇಟ್ಟು, ಮನೆಯವರಿಗೆ ತಿಳಿಸಿ ಅಳಿಸುತ್ತೇನೆ. ಪಂಕ್ತಿಯ ಫೋಟೋಗಳು 60 ಇದ್ದರೆ, ಒಂದಕ್ಕೆ 10 ಎಂಬಿಯಂತೆ 600 ಎಂಬಿ. ಊರು, ಓಣಿ, ಇಸವಿ ಹೆಸರಿಟ್ಟು ಎರಡು ಡಿಸ್ಕಿನಲ್ಲಿ ತುಂಬುತ್ತೇನೆ. ಒಂದು ಮಳಿಗೆಯಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ ಅಕ್ಕಿ ಡಬ್ಬದ ಮೇಲಿನ ಗೂಡಿನಲ್ಲಿ.

ಮೊನ್ನೆ ಮೋಟೆಬೆನ್ನೂರಿನ ಹತ್ತಿರ ಒಂದು ಮದುವೆ. ನನ್ನ ಹುಡುಗನನ್ನು ಮೊದಲ ಬಾರಿಗೆ ಒಬ್ಬನನ್ನೇ ಪಂಕ್ತಿಗೆ ಕಳಿಸಿದೆ. ಅವನಿಗೆ ಅವಸರ. ಈ ಕಡೆಯಿಂದ ಆ ಕಡೆಗೆ ಒಂದೇ ಉಸಿರಿಗೆ ಓಡಿ ಮುಗಿಸುವ ಲೆಕ್ಕ. ಕರೆದು ಹೇಳಿದೆ: “ನಿಧಾನ ನಡಿ. ಕ್ಯಾಮೆರಾ ಕಂಡು ತಲಿ ತಗ್ಗಿಸಿದವ್ರನ್ನ ಬಿಟ್ಟು ಮುಂದ ಹೋಗಬ್ಯಾಡ. ಅವ್ರ ಎಲಿಗೆ ಉಪ್ಪು ಬೀಳೋತನ ತಡಿ. ತಲಿ ಎತ್ತೇ ಎತ್ತತಾರ.”