ನಾಲೆಯ ಕೊನೆಯ ಮನೆ

ಪಟ್ಟಣದ ಸುಖದುಃಖಗಳನ್ನು ಕುರಿತು ಬರೆದವರು ಬಹು ಮಂದಿ. ಹಳ್ಳಿಯ ಸೊಗಸನ್ನು ಕೊಂಡಾಡಿದವರು ಅದಕ್ಕಿಂತಲೂ ಹೆಚ್ಚು. ಆದರೆ ಹಳ್ಳಿಯ ಗುರುತು ಅಳಿದು ಪಟ್ಟಣದ ಲಕ್ಷಣ ಇನ್ನೂ ಪೂರ್ತಿಯಾಗಿ ಮೂಡದಿರುವ ಉಪನಗರವೆಂಬ ಸ್ಥಳವೊಂದು ಇವೆರಡರ ನಡುವೆ ಉಂಟು. ಅಲ್ಲಿ ಬಾಳುವ ತರುಣನನ್ನು ‘ನಿಮ್ಮದು ಯಾವ ಊರು?’ ಎಂದು ಕೇಳಿದರೆ, ತಾನಿರುವ ಸ್ಥಳದ ಹೆಸರನ್ನು ಅವನು ಹೇಳುವುದಿಲ್ಲ. ಬಿಟ್ಟುಬಂದ ಸ್ಥಳದ ಹೆಸರನ್ನು ಹೇಳುತ್ತಾನೆ. ಬೆಂಗಳೂರಿನ ಪೂರ್ವದಂಚಿನ ವೈಟ್‌ಫೀಲ್ಡಿನ ಬಳಿ 2016ರಿಂದ ವಾಸವಾಗಿದ್ದ ತಿಪಟೂರು ಸೀಮೆಯ ತರುಣನೊಬ್ಬನ ಉತ್ತರವೂ ಎಂಟು ವರ್ಷಗಳ ಕಾಲ ಹೀಗೆಯೇ ಇದ್ದಿತು.

ವೈಟ್‌ಫೀಲ್ಡಿನ ಹುಟ್ಟೇ ಊರಿಲ್ಲದವರ ಹಂಬಲದಿಂದ ಆದುದು. 1882ರಲ್ಲಿ ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಸಂಘದ ಮುಂದಾಳಾಗಿದ್ದ ಡೇವಿಡ್ ವೈಟರ ಹೆಸರೇ ಸ್ಥಳಕ್ಕೆ ನಿಂತಿತು. ಇಂಗ್ಲೆಂಡು ತಮ್ಮದಲ್ಲ, ಇಂಡಿಯಾ ತಮ್ಮನ್ನು ಪೂರ್ತಿಯಾಗಿ ತನ್ನವರೆನ್ನದು ಎಂಬ ಇಕ್ಕಟ್ಟಿನಲ್ಲಿದ್ದ ಜನ ಅಲ್ಲಿ ನೆಲವನ್ನು ಉತ್ತು, ಗಿಡಗಳನ್ನು ನೆಟ್ಟು, ತಮ್ಮದೆಂಬ ಊರೊಂದನ್ನು ಕಟ್ಟಿಕೊಳ್ಳಲು ಯತ್ನಿಸಿದರು. ಶತಮಾನಕ್ಕೂ ಮೀರಿ ಸದ್ದಿಲ್ಲದೆ ಮಲಗಿದ್ದ ಆ ನೆಲೆಯನ್ನು 1990ರ ದಶಕದ ಕೊನೆಗೆ ಬಂದ ಸಾಫ್ಟ್‌ವೇರ್ ಕಚೇರಿಗಳು ಎಬ್ಬಿಸಿದವು. 2007ರಲ್ಲಿ ಸುತ್ತಣ ಏಳು ನಗರಸಭೆಗಳೂ, ಒಂದು ಪುರಸಭೆಯೂ, 110 ಹಳ್ಳಿಗಳೂ ಬೆಂಗಳೂರಿನೊಳಗೆ ಸೇರಿದವು. ಕಾಗದದ ಮೇಲೆ ಹಳ್ಳಿಯು ಒಂದೇ ದಿನದಲ್ಲಿ ನಗರವಾಗಿಬಿಡುತ್ತದೆ. ಕೊಳಾಯಿಗೆ ಮಾತ್ರ ಆ ಸುದ್ದಿ ಬಹು ನಿಧಾನವಾಗಿ ತಲಪುತ್ತದೆ.

ತರುಣನು ಮೊದಲು ಪೀಜಿ ಎಂಬ ವಸತಿಯಲ್ಲಿ ಮೂವರೊಡನೆ ಒಂದು ಕೋಣೆಯಲ್ಲಿದ್ದನು. ಅನಂತರ ಏಳನೆಯ ಅಂತಸ್ತಿನ ಬಾಡಿಗೆಯ ಮನೆಗೆ ಬಂದನು. ಐದು ಮೈಲಿಯ ಕಚೇರಿಗೆ ಒಂದು ಗಂಟೆಯ ಪ್ರಯಾಣ. ಅಮೆರಿಕದವರು ಬೆಳಗಿನ ಕಾಫಿ ಕುಡಿಯುವ ವೇಳೆಗೆ ಇವನ ರಾತ್ರಿಯ ಸಭೆ ಮೊದಲಾಗುತ್ತಿತ್ತು. ಲಿಫ್ಟಿನಲ್ಲಿ ತೆಲುಗು, ಹಿಂದಿ, ತಮಿಳು, ಬಂಗಾಳಿಗಳು ಕಿವಿಗೆ ಬೀಳುತ್ತಿದ್ದವು. ಆದರೆ ಬಾಗಿಲು ಮುಚ್ಚಿದೊಡನೆ ಎಲ್ಲರೂ ಮೌನವಾಗಿ ಅಂತಸ್ತಿನ ಅಂಕಿಯನ್ನು ನೋಡುತ್ತಿದ್ದರು. ಎದುರುಮನೆಯವರ ಚಪ್ಪಲಿಗಳ ಪರಿಚಯ ಅವನಿಗೆ ಚೆನ್ನಾಗಿ ಇದ್ದಿತು, ಮುಖದ ಪರಿಚಯ ಅಷ್ಟಾಗಿ ಇರಲಿಲ್ಲ. ಶುಕ್ರವಾರದ ರಾತ್ರಿ ಊರಿನ ಬಸ್ಸನ್ನೋ ರೈಲನ್ನೋ ಹಿಡಿದನೆಂದರೆ ಮನಸ್ಸು ಹಗುರ. ಸೋಮವಾರದಿಂದ ಶುಕ್ರವಾರದವರೆಗೆ ಇರುವ ಸ್ಥಳವನ್ನು ಅವನು ಛತ್ರವೆಂದೇ ಭಾವಿಸಿದ್ದನು. ಛತ್ರದ ಸೂರು ಸೋರಿದರೆ ಅದು ಛತ್ರದವರ ಚಿಂತೆ. ಕಟ್ಟಡದ ನಿವಾಸಿಗಳ ಸಭೆಗೆ ಅವನು ಒಂದು ದಿನವೂ ಹೋದವನಲ್ಲ.

ಮೂವತ್ತು ತುಂಬಿದ ಮೇಲೆ ಮದುವೆಯ ಮಾತು ಬಂದಿತು. ಮದುವೆಯ ಮಾತಿನ ಬೆನ್ನಿಗೆ ಸ್ವಂತ ಮನೆಯ ಮಾತೂ ಬಂದಿತು. ನಗರಕ್ಕೆ ಸೇರಿದ ಆ 110 ಹಳ್ಳಿಗಳಲ್ಲೊಂದರಲ್ಲಿ ಕಟ್ಟುತ್ತಿದ್ದ ಮನೆಯೊಂದನ್ನು ಅವನು ನೋಡಿಟ್ಟನು. ಬ್ಯಾಂಕಿನ ಸಾಲ ಸಾಲದೆ ಬಂದಿತು. ಉಳಿದ ಹಣಕ್ಕೆ ದಾರಿ ಒಂದೇ: ಊರಿನ ಎರಡು ತೆಂಗಿನ ತೋಟಗಳಲ್ಲಿ ಒಂದನ್ನು ಮಾರುವುದು. ಇದನ್ನು ತಂದೆಯ ಮುಂದೆ ಆಡಲು ಅವನು ಆರು ತಿಂಗಳು ಹಿಂಜರಿದನು. ಆಡಿದಾಗ ತಂದೆ ಬೇಸರಪಡಲಿಲ್ಲ; “ಮೊದಲು ಮನೆ ನೋಡೋಣ” ಎಂದಷ್ಟೇ ಹೇಳಿದರು.

2024ರ ಬೇಸಗೆಯಲ್ಲಿ ಅವರು ಬಂದರು. ತಿಪಟೂರಿನಿಂದ ರೈಲು, ಮೆಜೆಸ್ಟಿಕ್ಕಿನಿಂದ ಮೆಟ್ರೋ. ಪೂರ್ವದ ತುದಿಯ ಮಾರ್ಗ 2023ರ ಮಾರ್ಚಿಯಲ್ಲಿ ತೆರೆದು, ನಡುವಣ ಕೊಂಡಿ ಅದೇ ವರ್ಷದ ಅಕ್ಟೋಬರಿನಲ್ಲಿ ಸೇರಿದ ಮೇಲೆ ಈ ಪ್ರಯಾಣ ಸುಲಭವಾಗಿದ್ದಿತು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವು ಧರ್ಮಾಂಬುಧಿ ಕೆರೆಯ ಅಂಗಳದ ಮೇಲೆ ನಿಂತಿದೆಯೆಂಬುದನ್ನು ಮಗನು ದಾರಿಯಲ್ಲಿ ಹೇಳಿದನು. ತಂದೆಗೆ ಮೆಟ್ರೋ ಬಹಳ ಹಿಡಿಸಿತು. ಏಳನೆಯ ಅಂತಸ್ತಿನ ಗಾಳಿಯೂ ಹಿಡಿಸಿತು. ಹಳ್ಳಿಯವರಿಗೆ ಇದೆಲ್ಲ ಉಸಿರು ಕಟ್ಟಿಸುವುದೆಂದು ಎಣಿಸಿದ್ದ ಮಗನಿಗೆ ಕೊಂಚ ನಿರಾಶೆಯೇ ಆಯಿತು.

ಆ ಬೇಸಗೆ ಬೆಂಗಳೂರಿಗೆ ಕಠಿಣವಾದುದು. ಹಿಂದಿನ ವರ್ಷದ ಮಳೆ ಕೈಕೊಟ್ಟು ಅಂಚಿನ ಬಡಾವಣೆಗಳ ಕೊಳವೆಬಾವಿಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿಯ ದಂಡವೆಂದು ಆಜ್ಞೆ ಹೊರಟಿದ್ದಿತು. ಕಟ್ಟಡದಲ್ಲಿ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ನೀರು. ರಾತ್ರಿ ಹನ್ನೊಂದಕ್ಕೆ ಟ್ಯಾಂಕರಿನ ಸದ್ದು ಕೇಳಿ ತಂದೆ ಎದ್ದು ಕಿಟಕಿಯ ಬಳಿ ನಿಂತರು.

“ಈ ನೀರು ಎಲ್ಲಿಯದಪ್ಪಾ?”

“ಟ್ಯಾಂಕರಿನದು.”

“ಟ್ಯಾಂಕರಿಗೆ ಎಲ್ಲಿಂದ ಬರುತ್ತದೆ?”

ಮಗನಿಗೆ ಉತ್ತರ ತೋರಲಿಲ್ಲ. ಎಂಟು ವರ್ಷ ಕುಡಿದ ನೀರಿನ ಮೂಲವನ್ನು ಅವನು ಒಮ್ಮೆಯೂ ವಿಚಾರಿಸಿರಲಿಲ್ಲ. ತೋಟದ ಬಾವಿಗಳು ಎಷ್ಟು ಅಡಿ, ಯಾವುದು ಯಾವ ವರ್ಷ ಬತ್ತಿತು ಎಂಬುದೆಲ್ಲ ಅವನಿಗೆ ಬಾಯಿಪಾಠ; ಅದು ಊರು. ಇದು ಛತ್ರ.

ಮರುದಿನ ಬೆಳಗ್ಗೆ ತಂದೆಯನ್ನು ವರ್ತೂರು ಕೆರೆಯ ಕಡೆಗೆ ಕರೆದುಕೊಂಡು ಹೋದನು. 2017ರಲ್ಲಿ ಬೆಳ್ಳಂದೂರು ಕೆರೆಯ ಮೇಲೆ ಬೆಂಕಿ ಹೊತ್ತಿದುದನ್ನೂ, ವರ್ತೂರಿನ ಕೋಡಿಯಲ್ಲಿ ಸಾಬೂನಿನಂತಹ ನೊರೆ ಉಕ್ಕಿ ರಸ್ತೆಗೆ ಹಾರುತ್ತಿದ್ದುದನ್ನೂ ಹೇಳಿದನು. ನಗರಕ್ಕೆ ಕಾವೇರಿಯನ್ನು ಸುಮಾರು 100 ಕಿಲೋಮೀಟರು ದೂರದಿಂದ ಮೂರು ಹಂತಗಳಲ್ಲಿ ಮೇಲೆತ್ತಿ ತರುತ್ತಾರೆ; ಬಳಸಿ ಬಿಟ್ಟ ನೀರಿನಲ್ಲಿ ಒಂದು ಪಾಲನ್ನು ಶುದ್ಧಿಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಕಳುಹಿಸುತ್ತಾರೆ ಎಂದೂ ವಿವರಿಸಿದನು. ರಾತ್ರಿಯೆಲ್ಲ ಕೂತು ಓದಿ ತಿಳಿದುಕೊಂಡಿದ್ದ ವಿಷಯವಿದು. ತಂದೆ ನಕ್ಕರು: “ಹಾಗಾದರೆ ಕಾವೇರಿ ನಿನ್ನನ್ನು ದಾಟಿಕೊಂಡೇ ಕೋಲಾರಕ್ಕೆ ಹೋಗುತ್ತಾಳೆ, ನಿನ್ನ ಕೊಳಾಯಿಗೆ ಮಾತ್ರ ಬರುವುದಿಲ್ಲ!”

ಕೆಲವು ಹೆಜ್ಜೆ ನಡೆದ ಮೇಲೆ ಅವರೇ ಮುಂದುವರಿಸಿದರು: “ನಮ್ಮ ಕಡೆಯ ಕೆರೆಗಳಿಗೆ ಬರುವುದು ಹೇಮಾವತಿ. ಅವಳೂ ಹೋಗಿ ಸೇರುವುದು ಕಾವೇರಿಯನ್ನೇ. ನಾವು ನಾಲೆಯ ಕೊನೆಯಲ್ಲಿರುವವರು. ಮೇಲಿನವರೆಲ್ಲ ಕಟ್ಟಿಕೊಂಡು ಮಿಕ್ಕಿದ್ದು ನಮಗೆ. ನೀನೂ ಹುಡುಕಿ ಹುಡುಕಿ ಕೊಳವೆಯ ಕೊನೆಯಲ್ಲೇ ಮನೆ ನೋಡಿದ್ದೀಯಲ್ಲೋ!”

ಮಗನು ತೋಟದ ಮಾತೆತ್ತಿದನು. ಅದನ್ನು ಮಾರುವುದು ಪಾಪವೆಂಬ ಅಳುಕನ್ನೂ ಮುಚ್ಚಿಡದೆ ಹೇಳಿದನು. ತಂದೆ ಅಂತಹ ಮಾತಿಗೆ ಕರಗುವವರಾಗಿರಲಿಲ್ಲ. “ಪಾಪ ಪುಣ್ಯದ ಮಾತಲ್ಲ ಕಣಪ್ಪ. ಆ ತೋಟದ ಬಾವಿಯೂ ಬತ್ತಿದೆ. ಮಾರಬೇಕಾದರೆ ಮಾರೋಣ. ಆದರೆ ಒಂದು ಒಣಬಾವಿಯನ್ನು ಮಾರಿ ಇನ್ನೊಂದು ಒಣಬಾವಿಯನ್ನು ಕೊಳ್ಳುವುದಕ್ಕೆ ಮುಂಚೆ ನಾಲ್ಕು ಜನರನ್ನು ಕೇಳು. ನಾಲೆಯ ಕೊನೆಯವನು ಒಬ್ಬನೇ ಕೂತರೆ ನೀರು ಬರುವುದಿಲ್ಲ. ನಾವು ಹತ್ತು ಜನ ಹೋಗಿ ತೂಬಿನ ಹತ್ತಿರ ಮಲಗಿದ ರಾತ್ರಿಗಳು ಎಷ್ಟೋ ಇವೆ. ಇಲ್ಲಿ ನೀನು ಯಾರ ಜೊತೆ ಮಲಗುತ್ತೀ?”

ಈ ಪ್ರಶ್ನೆ ತರುಣನ ಮನಸ್ಸಿನಲ್ಲಿ ನಾಟಿತು. ಹಳ್ಳಿಯನ್ನು ಅವನು ಇಷ್ಟು ದಿನ ನೆನಪಿನ ಚಿತ್ರವಾಗಿ ಇಟ್ಟುಕೊಂಡಿದ್ದನು: ಹಸುರು ತೋಟ, ತಂಪು ಗಾಳಿ, ಗುರುತಿನ ಮುಖಗಳು. ಆ ಮುಖಗಳು ಗುರುತಿನವಾದುದು ತೂಬಿನ ಬಳಿ ಕಳೆದ ರಾತ್ರಿಗಳಿಂದ ಎಂಬುದು ಅವನಿಗೆ ಹೊಳೆದಿರಲಿಲ್ಲ. ಹುಟ್ಟಿದ ಮಾತ್ರಕ್ಕೆ ಊರು ತನ್ನದಾಗುವುದಾದರೆ ಅದು ಹಿರಿಯರು ಗಳಿಸಿಟ್ಟ ಆಸ್ತಿ. ತಾನಾಗಿ ಗಳಿಸಿದ ಊರು ಅವನಿಗೆ ಯಾವುದೂ ಇರಲಿಲ್ಲ.

ಮೂರನೆಯ ದಿನ ತಂದೆ ಹಿಂದಿರುಗಿದರು. ಮನೆಯ ಮುಂಗಡವನ್ನು ಕಟ್ಟುವುದು ಮುಂದಕ್ಕೆ ಹೋಯಿತು. ಆ ಭಾನುವಾರ ಕಟ್ಟಡದ ನೆಲಮಾಳಿಗೆಯಲ್ಲಿ ನೀರನ್ನು ಕುರಿತು ಸಭೆ ಸೇರಿದಾಗ, ಬಾಡಿಗೆದಾರನಿಗೆ ಇಲ್ಲಿ ಮಾತುಂಟೆ ಎಂಬ ಸಂಕೋಚದಿಂದಲೇ ತರುಣನು ಹಿಂದಿನ ಸಾಲಿನಲ್ಲಿ ಕುಳಿತನು. ಮಳೆನೀರಿನ ಇಂಗುಗುಂಡಿ ಹೂಳು ತುಂಬಿ ವರ್ಷಗಳಾದುವೆಂದು ಅಲ್ಲಿ ತಿಳಿದುಬಂದಿತು. ಅದನ್ನು ಮಳೆಗಾಲಕ್ಕೆ ಮುಂಚೆ ತೆಗೆಸುವ ಹೊಣೆ ಯಾರದೆಂದು ಕೇಳಿದಾಗ ಯಾರೂ ಮಾತಾಡಲಿಲ್ಲ. ಅವನ ಕೈ ಮೇಲಕ್ಕೆ ಹೋಯಿತು. ಅದರ ಜೊತೆಗೆ ಇನ್ನೊಂದು ಕೈಯೂ ಮೇಲೆದ್ದಿತು. ತಿರುಗಿ ನೋಡಿದರೆ, ಚಪ್ಪಲಿಗಳಿಂದ ಅವನಿಗೆ ಗುರುತಿದ್ದ ಎದುರುಮನೆಯವರು.

2024ರ ಅಕ್ಟೋಬರಿನಲ್ಲಿ, ಆ 110 ಹಳ್ಳಿಗಳಿಗಾಗಿಯೇ ಯೋಜಿಸಿದ, ದಿನವೊಂದಕ್ಕೆ 77.5 ಕೋಟಿ ಲೀಟರು ನೀರಿನ ಕಾವೇರಿ ಐದನೆಯ ಹಂತ ಆರಂಭವಾಯಿತು. ಸುದ್ದಿಯನ್ನು ತರುಣನು ತಂದೆಗೆ ಫೋನಿನಲ್ಲಿ ತಿಳಿಸಿದನು. “ಕೊನೆಯ ಮನೆಯವರೆಗೂ ಬಂದ ಮೇಲೆ ಹೇಳು, ತೋಟದ ಮಾತು ಆಗ ಆಡೋಣ” ಎಂದರು ಅವರು. ಆಮೇಲೆ, “ನಿಮ್ಮ ಊರಿನಲ್ಲಿ ಮಳೆ ಹೇಗೆ?” ಎಂದು ಕೇಳಿದರು.

‘ನಿಮ್ಮ ಊರು’ ಎಂಬ ಮಾತನ್ನು ಅವನು ತಿದ್ದಲಿಲ್ಲ. ನಿನ್ನೆ ಚೆನ್ನಾಗಿ ಸುರಿಯಿತೆಂದೂ, ಗುಂಡಿಯಲ್ಲಿ ನೀರು ಇಂಗುತ್ತಿದೆಯೆಂದೂ ಹೇಳಿದನು.