ಮುರುಕು ಜಗಲಿಯ ಚಿತ್ರ

ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೇನೆಯೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ನಮ್ಮ ಸೀಮೆಯ ನೋಟಗಳನ್ನು ಬರೆದು, 1794ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಕೋಟೆಗಳೇನು, ದುರ್ಗಗಳೇನು, ಬೆಟ್ಟದ ಸಾಲುಗಳೇನು! ನೋಡಿದಷ್ಟೂ ಸೊಗಸು. ಆದರೆ ಅಂದು ಬೆಂಗಳೂರು ಪೇಟೆಯ ಮೂಲೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದವಳ ಅಂಗಡಿಗೆ ತಡಿಕೆಯಿತ್ತೋ ಹಲಗೆಯಿತ್ತೋ ಎಂದು ತಿಳಿಯಬಯಸುವ ನನ್ನಂಥವರಿಗೆ ಅದರಿಂದ ಸಮಾಧಾನವಾಗದು. ಗೆದ್ದವರಿಗೆ ಕೋಟೆ ಬೇಕು. ಅಂಗಡಿ ಯಾರಿಗೆ ಬೇಕು?

ಅಂಗಡಿಯೂ ಬೇಕೆನ್ನುವವರು ಈಗ ಹುಟ್ಟಿಕೊಂಡಿದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಗೇಬ್ರಿಯಲ್ ಕಂಪನಾರಿಯೋ ಎಂಬ ಪತ್ರಿಕಾ ಚಿತ್ರಕಾರರು 2007ರಲ್ಲಿ ಇಂಥವರದೊಂದು ಬಳಗವನ್ನು ಆರಂಭಿಸಿದರು. ಬೀದಿಯಲ್ಲಿಯೇ ಕುಳಿತು, ಕಣ್ಣೆದುರಿನದನ್ನು ಕಂಡಂತೆಯೇ ಬರೆಯಬೇಕೆಂಬುದು ಆ ಬಳಗದ ನೇಮ. ಬೆಂಗಳೂರಿನ ಪಾಲ್ ಫರ್ನಾಂಡಿಸರ ದಾರಿ ಬೇರೆ. ಹಿಂದಿನ ಬೆಂಗಳೂರನ್ನು ಅವರು ನೆನಪಿನಿಂದ ಮೊಗೆದು, ನಗುನಗುತ್ತ ಬಣ್ಣದಲ್ಲಿ ಮರಳಿ ಕಟ್ಟಿದ್ದಾರೆ. ಮೈಸೂರಿನ ಬಾದಲ್ ನಂಜುಂಡಸ್ವಾಮಿಯವರಂತೂ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯ ಹೊಂಡವನ್ನೇ ಕೊಳವಾಗಿಸಿ, ಅದರೊಳಗೊಂದು ಕೃತಕ ಮೊಸಳೆಯನ್ನು ಇಳಿಯಬಿಟ್ಟರು! ಹೊಂಡವೇನೋ ಮುಚ್ಚಿತು, ಅದರ ಛಾಯಾಚಿತ್ರಗಳು ಉಳಿದಿವೆ. ಇಷ್ಟು ಚೆಂದವಾಗಿ ದಾಖಲಾದ ಹೊಂಡ ಯಾವ ಕಡತದಲ್ಲಿಯೂ ಇರಲಾರದು.

ನನ್ನ ಸಾಹಸ ಇವರೆದುರು ಹೇಳಿಕೊಳ್ಳುವಂಥದಲ್ಲ. ಅಗರದಲ್ಲಿ ಕೊಳ್ಳೇಗಾಲದ ಬಸ್ಸು ಬರುವವರೆಗೆ ಸೀಸದ ಕಡ್ಡಿಯನ್ನೂ ಬಿಳಿಹಾಳೆಯ ಪುಸ್ತಕವನ್ನೂ ಹಿಡಿದು ಕುಳಿತಿರುತ್ತೇನೆ. ಕ್ಯಾಮೆರಾ ಕ್ಷಣದಲ್ಲಿ ಹಿಡಿಯುವುದನ್ನು ಕೈ ಹಿಡಿಯಬೇಕಾದರೆ ಕಣ್ಣು ಅರ್ಧ ಗಂಟೆ ದುಡಿಯಬೇಕು. ಹಾಗೆ ದುಡಿದುದರಿಂದಲೇ, ಎದುರಿನ ಹಂಚಿನ ಮನೆಯ ಜಗಲಿಯ ಅಂಚು ಕಂಬದ ಪಕ್ಕದಲ್ಲಿ ಮಾತ್ರ ಸವೆದಿರುವುದು ನನಗೆ ಕಾಣಿಸಿತು.

ಆ ಮನೆಯ ಅಜ್ಜಿ, “ಇದೇನು ಮೇಷ್ಟ್ರೇ, ಈ ಮುರುಕು ಜಗಲೀನ ಬರ್ಕೊಂಡು ಕುಂತಿದ್ದೀರಿ? ದೇವಸ್ಥಾನ ಬರೀಬಾರ್ದಾ?” ಎಂದು ನಕ್ಕಿದ್ದರು. ಮರುವರ್ಷ ಮಕ್ಕಳು ಮನೆಯನ್ನು ಕೆಡವಿ, ಉಕ್ಕಿನ ಬಾಗಿಲಿನ ಮಳಿಗೆಗಳನ್ನು ಕಟ್ಟಿಸಿದರು. ತಪ್ಪೆನ್ನಲಾರೆ, ಜಗಲಿಯಿಂದ ಬಾಡಿಗೆ ಹುಟ್ಟುವುದಿಲ್ಲ.

ಮೊನ್ನೆ ಅಜ್ಜಿಯೇ ಬಂದು ಪುಸ್ತಕವನ್ನು ಕೇಳಿದರು. ಹಾಳೆಯನ್ನು ತೆರೆದುಕೊಟ್ಟೆ. ಬಹಳ ಹೊತ್ತು ನೋಡಿ, ಕಂಬದ ಬುಡದಲ್ಲಿ ಬೆರಳಿಟ್ಟು, “ನಮ್ಮ ಯಜಮಾನ್ರು ಇಲ್ಲೇ ಕೂರ್ತಿದ್ದದ್ದು. ಅವರನ್ನೂ ಬರೆದುಕೊಡ್ತೀರಾ?” ಎಂದರು.

ನಾನು ಅವರನ್ನು ಕಂಡವನಲ್ಲ. ಸಿಯಾಟಲಿನವರ ನೇಮವನ್ನು ಸಿಯಾಟಲಿಗೇ ಬಿಟ್ಟು, “ಹೇಗಿದ್ದರು, ಹೇಳಿ ಅಜ್ಜಿ” ಎಂದೆ. ಪೇಟವನ್ನು ಹೇಗೆ ಸುತ್ತುತ್ತಿದ್ದರೆಂಬಲ್ಲಿಂದ ಅವರು ಆರಂಭಿಸಿದರು. ಬಸ್ಸು ಬಂದು ಹೊರಟುಹೋಯಿತು.